ರಾಧಾಮಣಿಯ ಮಣಿಕಟ್ಟು

"ಅಕ್ಕಾ, ಇದು ನಮ್ ರೂಮೇ ಅಲ್ವಾ?"

ಪಕ್ಕದ ಕುರ್ಚಿಯಿಂದ ರಾಧಾಮಣಿ ಸೌಮ್ಯಶ್ರೀಯ ಪರದೆಯತ್ತ ಬಗ್ಗಿ ಕೇಳಿದಳು. ಒಂದೂವರೆ ವರ್ಷದಿಂದ ಆ ಪರದೆಗೆ ಬಂದದ್ದೆಲ್ಲ ಬೇರೆ ಯಾರದೋ ಆಫೀಸು. ಯಾವುದೋ ದೇಶದ ಜನ ಕಂಪ್ಯೂಟರ್ ಮುಂದೆ ಕೂತ ಚಿತ್ರಗಳು. ಬೆನ್ನು ಬಾಗಿದ್ದರೆ ಕೆಂಪು ಚೌಕ ಹಾಕಬೇಕು, ನೆಟ್ಟಗಿದ್ದರೆ ಹಸಿರು. ಮಣಿಕಟ್ಟು ಸೊಟ್ಟಗಿದ್ದರೆ ಕೆಂಪು, ಕಾಲು ನೆಲಕ್ಕೆ ತಾಗದಿದ್ದರೂ ಕೆಂಪು. ಒಂದು ಚಿತ್ರಕ್ಕೆ ಇಪ್ಪತ್ತು ಸೆಕೆಂಡು, ದಿನಕ್ಕೆ ಸಾವಿರದ ಇನ್ನೂರು ಚಿತ್ರ. ಇದನ್ನೆಲ್ಲ ನೋಡಿ ಕಲಿತ ಕ್ಯಾಮೆರಾ ಅಲ್ಲಿಯವರಿಗೆ 'ಎದ್ದು ಓಡಾಡಿ, ಕುರ್ಚಿ ಬದಲಿಸಿ' ಎಂದು ಬುದ್ಧಿ ಹೇಳುತ್ತದಂತೆ. ಹಾರೋಹಳ್ಳಿಯ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಮೂವತ್ತೆರಡು ಹೆಂಗಸರು ಶಾಮಿಯಾನದವನ ಹಳೇ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮುದುರಿ ಕೂತು, ಮುಖಪರಿಚಯವಿಲ್ಲದವರ ಬೆನ್ನು ಕಾಯುತ್ತಿದ್ದರು.

ಇವತ್ತು ಪರದೆಗೆ ಬಂದದ್ದು ಅದೇ ಪ್ಲಾಸ್ಟಿಕ್ ಕುರ್ಚಿಗಳು. ಹೋದ ವಾರ ಗೋಡೆಯ ಮೇಲೆ ಕೂರಿಸಿದ ಕ್ಯಾಮೆರಾ ತೆಗೆದ ಚಿತ್ರ.

ಸೂಪರ್‌ವೈಸರ್ ರುದ್ರಪ್ರಸಾದ್ ಒಳಗೆ ಬಂದು ಬಾಗಿಲು ಮುಂದೆ ಮಾಡಿದ. "ಕೆಲ್ಸ ಕೊಡೋ ಕಂಪ್ನಿಯೋರು ಎಲ್ಲಾ ಊರಿನ ಆಫೀಸೂ ಚೆಕ್ ಮಾಡ್ತಾವ್ರೆ. ನಮ್ದಕ್ಕೆ ನಾವೇ ಗುರ್ತು ಹಾಕಿ ಒಂದು ಗಂಟೇಲಿ ಕಳಿಸ್ಬೇಕು. ಸೌಮ್ಯಾ, ಫೈಲು ನಿನ್ಗೇ ಹಾಕಿವ್ನಿ. ಎಲ್ಲಾ ಹಸಿರು ಒತ್‌ಬುಡಮ್ಮ."

"ಕಣ್ಣಿಗೆ ಕಾಣ್ತಿರೋದು ಹಸಿರಲ್ಲ ಸಾರ್."

"ಕಣ್ಣು ಒಸಿ ಮುಚ್ಕೊ. ಕೆಂಪು ಅಂತ ಹೋದ್ರೆ ಕೆಲ್ಸ ಬೇರೆ ಊರಿಗೆ ಹೊಂಟೋಯ್ತದೆ. ನಾಳೆ ಮೂವತ್ತೆರಡು ಜನಾನೂ ಗಾರ್ಮೆಂಟ್ಸ್ ಗೇಟ್ ಮುಂದೆ ನಿಂತ್ಕೊತೀರಾ?"

ಸೌಮ್ಯಶ್ರೀ ಚಿತ್ರವನ್ನು ದೊಡ್ಡದು ಮಾಡಿದಳು. ನಡುಸಾಲಿನಲ್ಲಿ ರಾಧಾಮಣಿ. ಕಾಲು ಎಟುಕದೆ ಬಣ್ಣದ ಡಬ್ಬದ ಮೇಲಿಟ್ಟ ಪಾದ. ರವಿಕೆ ಬಟ್ಟೆ ಸುತ್ತಿದ ಬಲ ಮಣಿಕಟ್ಟು, ಮೌಸಿನ ಮೇಲೆ ಊದಿ ಕೂತ ಬೆರಳು. ಆ ಬೆರಳಲ್ಲಿ ಮುದ್ದೆ ಮುರಿಯಲಾಗದೆ ಮೂರು ತಿಂಗಳಿಂದ ಅವಳು ಚಮಚದಲ್ಲಿ ಅನ್ನ ತಿನ್ನುತ್ತಿದ್ದಳು. 'ಏನಮ್ಮೀ, ಸಿಟಿಯೋಳಾಗ್ಬುಟ್ಯಾ' ಎಂದು ಮನೆಯವರು ನಗಾಡಿದ್ದರು. ಅವಳೂ ನಕ್ಕಿದ್ದಳು.

"ಅಕ್ಕಾ, ನಂದು ಹಸಿರೇ ಹಾಕು," ರಾಧಾಮಣಿ ಪಿಸುಗುಟ್ಟಿದಳು. "ನೋವು ಅಂತ ಬರ್ದು ಕೊಟ್ಟ ಬೋರಮ್ಮನ್ನ ಏನ್ ಮಾಡುದ್ರು? ರೆಸ್ಟ್ ತಕೋ ಅಂದ್ರು. ಇವತ್ಗೂ ರೆಸ್ಟಲ್ಲೇ ಅವ್ಳೆ."

"ಹಸಿರು ಹಾಕುದ್ರೆ ನಿನ್ ಕೈ ನೆಟ್ಟಗಾಯ್ತದಾ?"

"ಕೆಂಪು ಹಾಕುದ್ರೆ ಆಯ್ತದಾ?"

ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ನಾಲ್ಕು ಉಳಿದಾಗ ಸೌಮ್ಯಶ್ರೀ ಒತ್ತಿದಳು. ರಾಧಾಮಣಿಯ ಮಣಿಕಟ್ಟಿನ ಸುತ್ತ ಕೆಂಪು ಚೌಕ ಮೂಡಿತು.

ರುದ್ರಪ್ರಸಾದ್ ಬೈಯಲಿಲ್ಲ. ನಕ್ಕ. ಅಲ್ಲಿ ಪ್ರತಿ ಚಿತ್ರವನ್ನೂ ಇಬ್ಬರು ನೋಡಬೇಕು. ಇಬ್ಬರದೂ ಒಂದೇ ಬಣ್ಣವಾದರೆ ಬೀಗ ಬಿದ್ದಂತೆ, ಆಮೇಲೆ ಯಾರೂ ತಿದ್ದುವಂತಿಲ್ಲ. ಬೇರೆ ಬೇರೆಯಾದರೆ ತೀರ್ಮಾನ ರುದ್ರಪ್ರಸಾದನದು. ಅವನು ತನ್ನ ಮೇಜಿಗೆ ಹೋಗಿ, ಎರಡನೇ ಸಲ ನೋಡುವ ಕೆಲಸವನ್ನು ರಾಧಾಮಣಿಯ ಹೆಸರಿಗೇ ಹಾಕಿ ಬಂದು ಅವಳ ಬೆನ್ನ ಹಿಂದೆ ನಿಂತ.

"ನೀನೇ ಹೇಳವ್ವ. ನಿನ್ ಕೈ, ನಿನ್ ಮಾತು. ಹಸಿರು ಒತ್ತು, ಮಿಕ್ಕಿದ್ದು ನಾನ್ ನೋಡ್ಕೋತೀನಿ."

ರೂಮಿನಲ್ಲಿ ಮೌಸುಗಳ ಟಕಟಕ ನಿಂತಿತು. ರಾಧಾಮಣಿ ಪರದೆಯ ಮೇಲಿನ ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡಿದಳು. ಗೋಡೆಯ ಕ್ಯಾಮೆರಾದ ಕಣ್ಣಿನಿಂದ ಅದನ್ನು ಅವಳು ಎಂದೂ ನೋಡಿರಲಿಲ್ಲ.

"ಸಾರ್, ಇಂಥ ಕೈ ದಿನಕ್ಕೆ ನೂರು ಬತ್ತವೆ. ಒಂದಕ್ಕೂ ನಾನು ಹಸಿರು ಹಾಕಿಲ್ಲ."

"ಅದು ಬೇರೆ, ಇದು ಬೇರೆ ಕಣಮ್ಮ."

"ಏನ್ ಬೇರೆ? ಅವ್ರದ್ದು ಕೈ, ನಮ್ದು ಕಾಲಾ?"

ಯಾರೋ ಕಿಸಕ್ಕೆಂದರು. ರುದ್ರಪ್ರಸಾದ್ ದನಿ ಏರಿಸಿದ. "ರಾಧಾಮಣಿ! ಮೂವತ್ತೆರಡು ಮನೆ ಒಲೆ ಐತೆ ನಿನ್ ಬೆರಳಲ್ಲಿ!"

"ಐತೆ ಸಾರ್. ಅದುಕ್ಕೇ ಊದಿರಾದು."

ಬೆರಳು ಮಡಚಲಿಲ್ಲ. ಅಂಗೈಯನ್ನೇ ಊರಿ ಒತ್ತಿದಳು. ಕೆಂಪಿನ ಮೇಲೆ ಕೆಂಪು ಬಿತ್ತು, ಪಕ್ಕದಲ್ಲಿ ಪುಟ್ಟ ಬೀಗದ ಗುರುತು ಮೂಡಿತು. ನೋವಿಗೆ ಅವಳ ತುಟಿ ಬೆಳ್ಳಗಾಗಿತ್ತು. ಸೌಮ್ಯಶ್ರೀ ಎದ್ದು ಅವಳ ಪಕ್ಕ ನಿಂತಳು. ಹಿಂದಿನ ಸಾಲಿನಿಂದ ಇನ್ನೂ ಇಬ್ಬರು ಎದ್ದರು.

"ಸಾಕು, ಮುಂದಿನ್ದು ಮುಟ್‌ಬ್ಯಾಡ!" ರುದ್ರಪ್ರಸಾದ್ ಕೈ ಚಾಚಿದ. ಆದರೆ ಮುಂದಿನ ಚಿತ್ರ ಆಗಲೇ ಬಂದಾಗಿತ್ತು. ಮೂಲೆಯ ಮೇಜು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಟೈಪ್ ಮಾಡುತ್ತಿರುವ ಗಂಡಸು. ಪಕ್ಕದಲ್ಲಿ ಬಿಚ್ಚದ ಊಟದ ಡಬ್ಬಿ. ಚಾಚಿದ ಕೈ ಅಲ್ಲೇ ನಿಂತಿತು.

"ಇದು ನೀವು ಸಾರ್," ಅಂದಳು ರಾಧಾಮಣಿ. ಅವಳ ದನಿಯಲ್ಲಿ ಕುಹಕವಿರಲಿಲ್ಲ. "ನಿಮ್ ಕತ್ತಿಗೆ ಯಾವ ಬಣ್ಣ ಹಾಕ್ಲಿ? ನೀವೇ ಹೇಳ್ಬುಡಿ."

ಪರದೆಯ ಮೇಲೆ ಒಂಬತ್ತು ಸೆಕೆಂಡು ಉಳಿದಿತ್ತು. ರುದ್ರಪ್ರಸಾದ್ ಕತ್ತು ತಿರುಗಿಸಿ ಅವಳ ಮುಖ ನೋಡಲು ಹೋದ. ಕತ್ತು ತಿರುಗಲಿಲ್ಲ. ಇಡೀ ಮೈಯನ್ನೇ ತಿರುಗಿಸಬೇಕಾಯಿತು.