ಹಿಂದಿನ ಗಾಲಿ

ಇಳಕಲ್ಲಿನಿಂದ ಕೂಡಲಸಂಗಮಕ್ಕೆ ಹೊರಟ ಆರು ಸೈಕಲ್ಲುಗಳು ಜಿಟಿಜಿಟಿ ಮಳೆಯಲ್ಲಿ ಕಾದು ನಿಂತಿದ್ದವು. ನೇಕಾರ ಮಹಾಂತಪ್ಪ ಮಾತ್ರ ಇನ್ನೂ ಹಿಂದಿನ ಗಾಲಿಗೆ ಪಂಪು ಹೊಡೆಯುತ್ತಲೇ ಇದ್ದ.

ತಂಡದ ಹಿರಿಯ ಗುರಲಿಂಗಪ್ಪ ಟೈರು ಹಿಚುಕಿ ನೋಡಿದ. "ಇಬ್ಬರು ಕೂಡೂವಷ್ಟು ಗಾಳಿ ಹೊಡ್ದಿಯಲ್ಲೋ ತಮ್ಮಾ. ಈ ಸಲ ನೀ ಒಬ್ಬನ ಅದಿ. ಕೆಸರಾಗ ಗಾಲಿ ಜಾರ್ತೈತಿ, ಸ್ವಲ್ಪ ಬಿಡು."

ಮಹಾಂತಪ್ಪನ ಕೈ ನಿಂತಿತು. ಹತ್ತು ಶ್ರಾವಣ ಇದೇ ಕ್ಯಾರಿಯರ್ ಮೇಲೆ ಕೂತು ದಾರಿಯುದ್ದಕ್ಕೂ ತಲೆ ತಿಂದ ಗೆಳೆಯ ಹೊಳಬಸಪ್ಪನನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ವಾಲ್ವು ಸಡಿಲಿಸಲು ಬಾಗಿದ. ಬೆರಳು ಮುಂದೆ ಹೋಗಲಿಲ್ಲ.

"ಗಾಳಿ ಬಿಡೂದಿಲ್ಲ ಕಾಕಾ."

ಗೋಡೆ ಬದಿಯಿಂದ ದಪ್ಪನೆಯ ಕಲ್ಲೊಂದನ್ನು ಹೊತ್ತು ತಂದು ಕ್ಯಾರಿಯರ್‌ಗೆ ಬಿಗಿದ. ಹತ್ತುವ ಮೊದಲು ತಾನು ಹೊದ್ದಿದ್ದ ಕಂಬಳಿಯನ್ನು ತೆಗೆದು, ಮಳೆ ತಾಗದಂತೆ ಆ ಕಲ್ಲಿಗೆ ಹೊದಿಸಿದ.