ಹೊಳೆಗೆ ಇಳಿಯುವವರು

ಹತ್ತಿ ಮಿಲ್ಲಿನ ಹಮಾಲ ಯಂಕೋಬ ತೀರಿಹೋದ ಆರನೆಯ ದಿನ ಊರವರು ಅವನ ಮನೆಯ ಮುಂದೆಯೇ ಶಾಮಿಯಾನ ಹಾಕಿ ಸಂತಾಪ ಸಭೆ ಕರೆದಿದ್ದರು. ದಿನವಿಡೀ ಮೂಟೆ ಹೊತ್ತು ಮೂವರು ಹೆಣ್ಣುಮಕ್ಕಳನ್ನು ಓದಿಸಿದವನು ಅವನು. ಹೊಳೆಯಲ್ಲಿ ಯಾರೇ ಮುಳುಗಿದರೂ ಕೂಗಿದ ತಕ್ಷಣ ಓಡಿಹೋಗಿ ಎಳೆದು ತರುತ್ತಿದ್ದ. ಇಪ್ಪತ್ತು ವರ್ಷ ಅದಕ್ಕಾಗಿ ಒಂದು ಕಪ್ ಚಹಾ ಕೂಡ ಯಾರಿಂದಲೂ ಕುಡಿದವನಲ್ಲ.

"ಅಂಥಾ ಈಜುಗಾರ ಇನ್ನ ಹುಟ್ಟಂಗಿಲ್ಲ," ಎಂದರು ಪಂಚಾಯತಿ ಅಧ್ಯಕ್ಷರು. "ಇನ್ಮ್ಯಾಲೆ ಏನಾರ ಆದ್ರ ಜಿಲ್ಲಾದಿಂದನ ಬೋಟು ಬರಬೇಕು."

ಅಷ್ಟರಲ್ಲಿ ಅವನ ಹೆಂಡತಿ ತಾಯವ್ವನ ಮಡಿಲಲ್ಲಿದ್ದ ಗಂಡನ ಫೋನು ಬಡಿದುಕೊಂಡಿತು. ಅವಳು ಕೇಳಿಸಿಕೊಂಡು ಎದ್ದು ನಿಂತಳು.

"ಬಟ್ಟಿ ಒಗೆಯಾಕ ಹೋದ ಇಬ್ಬರು ಹೆಣ್ಮಕ್ಕಳು ನಡುಹೊಳ್ಯಾಗ ಬಂಡೆ ಹಿಡ್ಕೊಂಡು ನಿಂತಾರಂತ. ಡ್ಯಾಮಿನ ನೀರು ಬಿಟ್ಟಾರಂತ."

"ತಡಿ, ಬೋಟಿಗೆ ಫೋನ್ ಮಾಡ್ತೀನಿ," ಎಂದರು ಅಧ್ಯಕ್ಷರು.

"ಅದು ಬರಾಕ ಎರಡು ತಾಸು ಬೇಕು. ಅಲ್ಲೀತನ ಬಂಡೆ ಉಳಿಯಂಗಿಲ್ಲ."

ಅವಳು ಸೆರಗು ಬಿಗಿದು, ಹಾರ ಹಾಕಿದ ಫೋಟೋದ ಮುಂದೆ ಸುತ್ತಿಟ್ಟಿದ್ದ ಗಂಡನ ಹಗ್ಗವನ್ನು ಹೆಗಲಿಗೇರಿಸಿಕೊಂಡಳು. ಯಂಕೋಬನ ಅಣ್ಣ ಬಂದು ಅಡ್ಡ ನಿಂತ.

"ಸೂತಕದಾಗ ಹೊಳಿಗೆ ಇಳಿಯಂಗಿಲ್ಲ. ಮಂದಿ ಏನಂದಾರು?"

"ಅನ್ನಲಿ. ದಾರಿ ಬಿಡ್ರಿ."

"ಹುಚ್ಚಿ, ಅವ ಅಂದ್ರ ಈಜುಗಾರ. ನೀ ಹೋಗಿ ಏನ್ ಮಾಡ್ತಿ?"

ತಾಯವ್ವ ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಬಾವಾ, ನಿಮ್ಮ ತಮ್ಮಗ ಈಜು ಕಲಿಸಿದಾಕಿ ನಾನ."