ವ್ಯಾನಿಗೆ ಹಾಕಿದ ಗ್ಲೂಕೋಸ್ ಬಾಟಲಿ

ಆಸ್ಪತ್ರೆಯ ಗ್ಲೂಕೋಸ್ ಬಾಟಲಿ ಕಂಡಾಗಲೆಲ್ಲ ನನಗೆ ಚೆನ್ನೈನ ಅಡ್ಯಾರಿನಲ್ಲಿದ್ದ ನಮ್ಮ ಹೋಟೆಲಿನ ಹಳೆಯ ಪೆಟ್ರೋಲ್ ವ್ಯಾನು ನೆನಪಾಗುತ್ತದೆ. ಕೋಯಂಬೇಡು ಮಾರುಕಟ್ಟೆಯಿಂದ ತರಕಾರಿ ಹೇರಿಕೊಂಡು ಬರುವಾಗ ಏರು ಸಿಕ್ಕರೆ ಸಾಕು, ಅದರ ಎಂಜಿನ್ನು ಟಕಟಕ ಬಡಿದುಕೊಳ್ಳುತ್ತಿತ್ತು. ಅಪ್ಪ ಅಂಥದೊಂದು ಬಾಟಲಿಗೆ ನೀರು ತುಂಬಿ, ಅದರ ಕೊಳವೆಯನ್ನು ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ಸೇರಿಸಿದರು. ಹನಿ ನೀರು ಒಳಗೆ ಆವಿಯಾಗಿ ಕಾವು ಇಳಿಸಿ ಬಡಿತ ನಿಲ್ಲಿಸುತ್ತದೆ ಎಂಬುದು ಅವರ ಲೆಕ್ಕ.

"ಇವತ್ತು ನೀರು, ನಾಳೆ ಇಡ್ಲಿ ತಿನ್ಸ್ತ್ಯಾ? ಎಂಜಿನ್ ಹಾಳಾತ್ತ್. ತೆಗಿ, ಇಲ್ದಿದ್ರೆ ವ್ಯಾನ್ ಮಾರ್ತೆ," ಎಂದರು ಹೋಟೆಲಿನ ಯಜಮಾನರಾದ ದೊಡ್ಡಪ್ಪ.

"ನೀವೇ ಬಂದ್ ಕಾಣಿ, ಭಾವ," ಎಂದಳು ಅಮ್ಮ.

ಆ ಮಧ್ಯಾಹ್ನ ದೊಡ್ಡಪ್ಪ ಎಲೆಕೋಸಿನ ಮೂಟೆಗಳ ನಡುವೆ ನನ್ನ ಪಕ್ಕ ಕೂತರು. ಅಪ್ಪ ವ್ಯಾನು ಓಡಿಸಿದರು. ಅಮ್ಮ ಮುಂದೆ ಕೂತು, ಕೊಳವೆಯ ಪುಟ್ಟ ಚಕ್ರ ತಿರುಗಿಸಿ ನೀರು ಬಿಟ್ಟಳು. ಮೇಲ್ಸೇತುವೆಯ ಅರ್ಧದವರೆಗೆ ವ್ಯಾನು ಒಂದೂ ಬಡಿತವಿಲ್ಲದೆ ಏರಿತು. ಆಗ ಅಮ್ಮ ನೀರು ನಿಲ್ಲಿಸಿದಳು. ಟಕಟಕ ಮತ್ತೆ ಶುರುವಾಯಿತು, ವ್ಯಾನು ಏದುಸಿರು ಬಿಟ್ಟಿತು, ಹಿಂದಿನ ಲಾರಿ ಹಾರ್ನು ಹೊಡೆಯಿತು.

"ನೀರ್ ಬಿಡ್ ಮಾರಾಯ್ತಿ!" ದೊಡ್ಡಪ್ಪ ಕೂಗಿದರು.

"ವ್ಯಾನ್ ಮಾರುದಿಲ್ಲ ಅಂತ ಹೇಳಿ, ಬಿಡ್ತೆ." ಅಮ್ಮ ತಿರುಗಿಯೂ ನೋಡಲಿಲ್ಲ.

"ಆಯ್ತ್, ಮಾರುದಿಲ್ಲ!"

ಅಮ್ಮ ಚಕ್ರದ ಮೇಲಿನ ಬೆರಳು ಕದಲಿಸದೆ, "ಇವ್ರಿಗೆ ಕೇಳ್ಲಿಲ್ಲ ಭಾವ, ಇನ್ನೊಮ್ಮೆ ಹೇಳಿ," ಎಂದಳು.